ಮೈಕ್ ಸ್ಟ್ಯಾಂಡು ಕಲಿಸಿದ ವಿನಯ

ಮೈಕ್ ಸ್ಟ್ಯಾಂಡು ಅಂದರೆ ಏನು ಮಹಾ? ಒಂದು ಕಬ್ಬಿಣದ ಕೋಲು, ಕೆಳಗೆ ಮೂರು ಕಾಲು, ಮೇಲೆ ಮೈಕು ಕಚ್ಚಿ ಹಿಡಿಯಲು ಒಂದು ಕ್ಲಿಪ್ಪು. ಇಷ್ಟನ್ನು ಕೊಳ್ಳಲು ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ? ನಾನು ನಂಜನಗೂಡಿನ ಬಜಾರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ದೊಡ್ಡ ಜೆರಾಕ್ಸ್ ಯಂತ್ರದಿಂದ ಹಿಡಿದು ಸ್ಟೇಪ್ಲರ್ ಪಿನ್ನಿನವರೆಗೆ ಎಲ್ಲವನ್ನೂ ಸ್ವತಃ ನೋಡಿ, ತಟ್ಟಿ, ಚೌಕಾಸಿ ಮಾಡಿ ತಂದವನು. ನನಗೆ ಒಂದು ಕೋಲು ಆರಿಸಲು ಬರುವುದಿಲ್ಲವೇ?

ಬರಲಿಲ್ಲ!

ನನಗೆ ಹಾಡುವ ಚಟವಿದೆ. ಶಿವನ ಪದಗಳೆಂದರೆ ಪ್ರಾಣ. ಅಂಗಡಿ ಬಾಗಿಲು ತೆರೆಯುವ ಮೊದಲು ಮನೆಯ ಮಲಗುವ ಕೋಣೆಯಲ್ಲಿ ಕೂತು ಒಂದು ಪದ ಹಾಡಿ, ರೆಕಾರ್ಡ್ ಮಾಡಿ, ನೆಂಟರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ನೆಂಟರೆಲ್ಲ ಕೈ ಮುಗಿದ ಚಿತ್ರ ಕಳಿಸುತ್ತಾರೆ. ಆ ಮುಗಿದ ಕೈಗಳ ಅರ್ಥ "ಚೆನ್ನಾಗಿದೆ" ಎಂದೋ, "ಸಾಕು ಮಾಡಪ್ಪ" ಎಂದೋ ನನಗೆ ಇಂದಿಗೂ ತಿಳಿದಿಲ್ಲ.

ಮೈಕು ಇತ್ತು, ಅದನ್ನು ನಿಲ್ಲಿಸಲು ಸ್ಟ್ಯಾಂಡು ಇರಲಿಲ್ಲ. ಕೈಯಲ್ಲಿ ಹಿಡಿದರೆ ಸ್ವರ ಏರಿದಂತೆಲ್ಲ ಕೈಯೂ ನಡುಗಿ ಸರಬರ ಸದ್ದು ಬರುತ್ತಿತ್ತು. ಆದ್ದರಿಂದ ಅಕ್ಕಿ ಅಳೆಯುವ ಸೇರಿನಲ್ಲಿ ಅಕ್ಕಿ ತುಂಬಿ, ಅದರಲ್ಲಿ ಮೈಕು ನೆಟ್ಟು ಹಾಡುತ್ತಿದ್ದೆ. ನನ್ನ ಹೆಂಡತಿ ನಾಗರತ್ನ ದಿನವೂ ಅದೇ ಅಕ್ಕಿ ತೊಳೆದು ಅನ್ನ ಮಾಡುತ್ತಿದ್ದಳು. "ಇವತ್ತು ಅನ್ನ ಸ್ವಲ್ಪ ಕಂಚಿನ ಕಂಠ ಆಗಿದೆ" ಎಂದು ಬಡಿಸುತ್ತಿದ್ದಳು. ಹೀಗೆ ನಮ್ಮ ಸಂಸಾರ ಸಂಗೀತಮಯವಾಗಿ ಸಾಗುತ್ತಿರುವಾಗ, ಟಿ. ನರಸೀಪುರದಲ್ಲಿ ಅವಳ ತಮ್ಮ ಕುಮಾರ ಹೊಸ ಮನೆ ಕಟ್ಟಿ ಮುಗಿಸಿದ.

"ರೀ, ನಮ್ಮಪ್ಪನಿಗೆ ಹೇಳ್ಬಿಟ್ಟಿದ್ದೀನಿ" ಅಂದಳು ನಾಗರತ್ನ ಒಂದು ಬೆಳಿಗ್ಗೆ.

"ಏನಂತ?"

"ಕುಮಾರನ ಗೃಹಪ್ರವೇಶದಲ್ಲಿ ನೀವು ಹಾಡ್ತೀರಿ ಅಂತ. ಮಠದ ಸ್ವಾಮಿಗಳು, ಬುದ್ಧಿಯವರೇ ಬರ್ತಾರೆ. ಅವರ ಮುಂದೇನೇ."

ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. "ನಿಮ್ಮಪ್ಪ ಏನಂದ್ರು?"

"ಏನೂ ಅನ್ಲಿಲ್ಲ."

ಏನೂ ಅನ್ನದಿರುವುದು ನನ್ನ ಮಾವ ಗುರುಮಲ್ಲಪ್ಪನವರ ವಿಶೇಷ. ನರಸೀಪುರದಲ್ಲಿ ಬೆಲ್ಲದ ವ್ಯಾಪಾರ ಮಾಡಿ ಈಗ ವಿಶ್ರಾಂತಿಯಲ್ಲಿರುವ ಘನವಂತರು. ಬಾಯಿ ಬಿಟ್ಟು ಯಾರನ್ನೂ ಹೊಗಳುವವರಲ್ಲ. ಮೆಚ್ಚಿದರೆ ಒಮ್ಮೆ ತಲೆದೂಗುತ್ತಾರೆ, ಅಷ್ಟೆ. ನನ್ನ ಷಡ್ಡಕ ಮಹೇಶ, ಅಂದರೆ ನಾಗರತ್ನಳ ಅಕ್ಕನ ಗಂಡ, ಬಾಯಿ ತೆರೆದರೆ ಸಾಕು ಮಾವನವರ ತಲೆ ತೂಗುತ್ತದೆ. ಅವನು ಕಂಟ್ರಾಕ್ಟರು. ಸಿಮೆಂಟು, ಕಂಬಿ, ಬೋರ್‌ವೆಲ್ಲು ಎಂದು ಏನಾದರೊಂದು ಉಪಯೋಗದ ಮಾತು ಆಡುತ್ತಾನೆ. ನಾನು ಬಾಯಿ ತೆರೆದರೆ ಮಾವನವರ ಕುತ್ತಿಗೆ ಹಿಡಿದುಕೊಂಡುಬಿಡುತ್ತದೆ. ಜೆರಾಕ್ಸ್ ವಿಷಯದಲ್ಲಿ ತಲೆದೂಗುವಂಥದ್ದು ಏನಿದೆ ಎಂದು ನನಗೂ ಹೊಳೆದಿಲ್ಲ ಬಿಡಿ.

"ಮದ್ವೆ ಆದಾಗಿಂದ ಆ ಮನೇಲಿ ಯಾರೂ ನಿಮ್ಮ ಬಗ್ಗೆ ಒಂದು ಒಳ್ಳೆ ಮಾತಾಡಿದ್ದು ನಾನು ಕೇಳಿಲ್ಲ" ಅಂದಳು ನಾಗರತ್ನ. "ಕೆಟ್ಟದ್ದೂ ಆಡಿಲ್ಲ. ನೀವು ಬಂದಿದ್ದೀರೋ ಇಲ್ವೋ ಅನ್ನೋದೇ ಅವರಿಗೆ ಗೊತ್ತಾಗಲ್ಲ. ಒಂದೇ ಒಂದು ಸಲ ನಮ್ಮಪ್ಪ ನಿಮ್ಮನ್ನ ನೋಡಿ ತಲೆದೂಗೋದನ್ನ ನಾನು ಕಣ್ಣಾರೆ ನೋಡ್ಬೇಕು ಕಣ್ರೀ."

ಇದನ್ನು ಅವಳು ನಗುತ್ತಾ ಹೇಳಲಿಲ್ಲ. ನನ್ನನ್ನು ದಿನಕ್ಕೊಮ್ಮೆಯಾದರೂ ಆಡಿಕೊಂಡು ನಗುವ ಹೆಂಡತಿ, ತವರಿನಲ್ಲಿ ನನ್ನ ಪರವಾಗಿ ಇಷ್ಟು ಕೊರಗಿದ್ದಾಳೆಂದು ತಿಳಿದು ನನಗೆ ನಿಜವಾಗಿಯೂ ಸಂಕಟವಾಯಿತು. ಆ ಕ್ಷಣದಲ್ಲೇ ಶಪಥ ಮಾಡಿದೆ. ಮಾವನವರ ತಲೆ ತೂಗಿಸಿಯೇ ತೀರುತ್ತೇನೆ! ಅದಕ್ಕೆ ಮೊದಲು ಒಂದು ಸ್ಟ್ಯಾಂಡು ಬೇಕು. ಬಾಡಿಗೆ ಸ್ಟ್ಯಾಂಡು ಸಿಗುವುದಿಲ್ಲವೆಂದಲ್ಲ. ಆದರೆ ಅಳಿಯ ಅನ್ನಿಸಿಕೊಂಡವನು ಸ್ವಂತ ಸ್ಟ್ಯಾಂಡು ಹಿಡಿದು ಇಳಿದರೆ ಅದರ ಗತ್ತೇ ಬೇರೆ. ಹೇಗೂ ಮನೆಯ ರೆಕಾರ್ಡಿಂಗಿಗೂ ಆಗುತ್ತದೆ, ಅಕ್ಕಿಗೂ ಬಿಡುಗಡೆ ಸಿಗುತ್ತದೆ.

ನಮ್ಮೂರಿನಲ್ಲಿ ಶಾಮಿಯಾನ, ಮೈಕು ಬಾಡಿಗೆಗೆ ಕೊಡುವ ಸಿದ್ದರಾಜು ನನ್ನ ಹಳೆಯ ಗಿರಾಕಿ. ಅವನ ಅಂಗಡಿಗೆ ಹೋದೆ.

"ಯೋಳಿ ಸಾ, ನಿಂತ್ಕಂಡ್ ಹಾಡ್ತೀರೋ, ಕುಂತ್ಕಂಡ್ ಹಾಡ್ತೀರೋ?"

"ಎರಡೂ."

"ಮನೇಲೋ, ಆಚೇಲೋ?"

"ಎರಡೂ."

"ಕೇಳ್ದಷ್ಟು ಕೊಡ್ತೀರೋ, ಚೌಕಾಸಿ ಮಾಡ್ತೀರೋ?"

"ಎರಡೂ" ಅಂದುಬಿಟ್ಟೆ ಅಭ್ಯಾಸಬಲದಿಂದ.

ಸಿದ್ದರಾಜು ಒಂದು ಸ್ಟ್ಯಾಂಡು ಎಳೆದು ತಂದ. ಮೂರು ಕಾಲಿರಲಿಲ್ಲ, ಕೆಳಗೆ ಬೀಸುವ ಕಲ್ಲಿನಂಥ ದುಂಡನೆಯ ಕಬ್ಬಿಣದ ತಳ. "ಇದ ತಕ್ಕಳಿ ಸಾ. ಆನೆ ಬಂದು ಗುದ್ದುದ್ರೂ ಅಳ್ಳಾಡಕಿಲ್ಲ." ನಾನು ಎತ್ತಿ ನೋಡಿದೆ. ಸ್ಟ್ಯಾಂಡು ಅಲ್ಲಾಡಲಿಲ್ಲ, ನನ್ನ ಸೊಂಟ ಅಲ್ಲಾಡಿತು. ಬೆಲೆ ಕೇಳಿದಾಗ ಉಳಿದ ಅಂಗಗಳೂ ಅಲ್ಲಾಡಿದವು.

"ಆನ್‌ಲೈನಲ್ಲಿ ಇದರ ಅರ್ಧಕ್ಕೆ ಸಿಗುತ್ತೆ ಕಣಪ್ಪ" ಅಂದೆ.

"ಸಿಗ್ತದೆ ಸಾ. ಅರ್ಧನೇ ಬತ್ತದೆ" ಅಂದ ಸಿದ್ದರಾಜು, ಸ್ಟ್ಯಾಂಡನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತಾ.

ಇದು ಹೊಟ್ಟೆಕಿಚ್ಚಿನ ಮಾತೆಂದು ತೀರ್ಮಾನಿಸಿ ಮನೆಗೆ ಬಂದು ಫೋನು ಹಿಡಿದು ಕೂತೆ. ಅಬ್ಬಬ್ಬಾ, ಎಷ್ಟು ಬಗೆ! ನೆಟ್ಟಗಿರುವುದು, ಅಡ್ಡಗೈ ಇರುವುದು, ಮೇಜಿಗೆ ಕಚ್ಚಿಸುವುದು, ಮಡಚುವುದು. ಎಲ್ಲಕ್ಕಿಂತ ಅಗ್ಗದ್ದೊಂದು ಕಣ್ಣಿಗೆ ಬಿತ್ತು. ಚಿತ್ರದಲ್ಲಿ ಏನು ಗಾಂಭೀರ್ಯ! ಫೋನಿನ ಪರದೆಯ ಈ ತುದಿಯಿಂದ ಆ ತುದಿಯವರೆಗೆ ನಿಂತಿತ್ತು. ಕೊಂಡವರೊಬ್ಬರು "ಗಟ್ಟಿಯಾಗಿದೆ, ಜಾಗ ತಿನ್ನುವುದಿಲ್ಲ" ಎಂದು ಹೊಗಳಿ ಬರೆದಿದ್ದರು. ತಡಮಾಡದೆ ಒತ್ತಿದೆ.

ಪಾರ್ಸೆಲ್ಲು ಬಂತು. ಚಿಕ್ಕದಾಗಿತ್ತು.

"ಇಷ್ಟೇನಾ?" ಅಂದಳು ನಾಗರತ್ನ.

"ಮಡಚಿಟ್ಟಿರ್ತಾರೆ. ಬಿಚ್ಚಿದರೆ ಉದ್ದ ಆಗುತ್ತೆ" ಎಂದು ವಿವರಿಸಿ ಬಿಚ್ಚಿದೆ. ಗೇಣುದ್ದ ಬಂತು. ಎಳೆದೆ. ಗೇಣುದ್ದವೇ ಇತ್ತು. ತಿರುಗಿಸಿ ಮುರುಗಿಸಿ ಎಲ್ಲೆಲ್ಲಿ ಎಳೆಯಬಹುದೋ ಅಲ್ಲೆಲ್ಲ ಎಳೆದೆ. ಜಾಗ ತಿನ್ನುವುದಿಲ್ಲ ಎಂದು ಬರೆದವರು ಸತ್ಯವಂತರು. ಅದು ಮೇಜಿನ ಮೇಲಿಡುವ ಸ್ಟ್ಯಾಂಡು.

"ಊದಿನಕಡ್ಡಿ ಸಿಕ್ಕಿಸೋಕೆ ಚೆನ್ನಾಗಿದೆ ಕಣ್ರೀ" ಅಂದಳು.

ನಾನು ಅಷ್ಟಕ್ಕೆಲ್ಲ ಜಗ್ಗುವವನೇ? ಸ್ಟೂಲಿನ ಮೇಲೆ ಕುಕ್ಕರನ್ನು ಬೋರಲು ಹಾಕಿ, ಅದರ ಮೇಲೆ ಅವಳ ಮಸಾಲೆ ಡಬ್ಬಿ ಇಟ್ಟು, ಅದರ ಮೇಲೆ ಆ ಸ್ಟ್ಯಾಂಡನ್ನು ಪ್ರತಿಷ್ಠಾಪಿಸಿ ನಿಂತು ಹಾಡಿದೆ. ತಾರಕಕ್ಕೆ ಹೋಗುವಾಗ ಕಣ್ಣು ಮುಚ್ಚಿ ಕೈ ಬೀಸುವುದು ನನ್ನ ಪದ್ಧತಿ. ಬೀಸಿದೆ. ಸಾಸಿವೆ, ಜೀರಿಗೆ, ಮೆಂತ್ಯ ಮನೆಯೆಲ್ಲ ಹರಡಿದವು. ಅಂದು ಸಂಜೆಯವರೆಗೆ ನಾನು ಮಂಡಿಯೂರಿ ಸಾಸಿವೆ ಆರಿಸಿದೆ. ಆರಿಸುವ ಕೆಲಸದಲ್ಲಿ ಕೊನೆಗೂ ನಿಪುಣನಾದೆ ಎನ್ನಿ.

"ನರಸೀಪುರದಲ್ಲಿ ಕೈ ಬೀಸೋ ಹಾಗಿಲ್ಲ" ಎಂದು ನಾಗರತ್ನ ಕಟ್ಟಪ್ಪಣೆ ಮಾಡಿದಳು. "ಬುದ್ಧಿಯವರ ಮುಂದೆ ಕೈ ಮುಗ್ಕೊಂಡು ಹಾಡಿ. ಹಾಡು ಮುಗಿಯೋವರೆಗೂ ಕೈ ಬಿಡಕೂಡದು."

ಎರಡನೆಯ ಸಲ ಉದ್ದ ನೋಡಿ, ಅಗಲ ನೋಡಿ, ಅಡ್ಡಗೈ ಇರುವ ಮೂರು ಕಾಲಿನ ಸ್ಟ್ಯಾಂಡು ತರಿಸಿದೆ. ಈ ಸಲವೂ ಅಗ್ಗದ್ದೇ. ಒಂದು ತಪ್ಪನ್ನು ತಿದ್ದಿಕೊಳ್ಳಬಹುದು, ಸ್ವಭಾವವನ್ನು ತಿದ್ದಿಕೊಳ್ಳಲಾದೀತೆ? ಬಿಡಿಬಿಡಿಯಾಗಿ ಬಂದ ಕೊಳವೆ, ತಿರುಪು, ಕಾಲುಗಳನ್ನು ಚಾಪೆಯ ಮೇಲೆ ಹರವಿಕೊಂಡು ಜೋಡಿಸಿದೆ. ಜೋಡಣೆ ಮುಗಿದಾಗ ಭವ್ಯವಾದ ಸ್ಟ್ಯಾಂಡು ಎದ್ದು ನಿಂತಿತ್ತು. ಚಾಪೆಯ ಮೇಲೆ ಒಂದು ಪುಟ್ಟ ರಬ್ಬರಿನ ಉಂಗುರ ಉಳಿದಿತ್ತು.

"ಇದ್ಯಾವುದ್ರೀ?"

"ಹೆಚ್ಚುವರಿ ಕಣೆ. ಕಂಪನಿಯವರು ಧಾರಾಳಿಗಳು."

ಅಡುಗೆಮನೆಯ ನಲ್ಲಿ ಬಹಳ ದಿನಗಳಿಂದ ತೊಟ್ಟಿಕ್ಕುತ್ತಿತ್ತು. ನಾಗರತ್ನ ಆ ಉಂಗುರವನ್ನು ನಲ್ಲಿಯೊಳಗೆ ಕೂರಿಸಿದಳು. ನಲ್ಲಿ ಸೋರುವುದು ನಿಂತಿತು. ನಾನು ಇಬ್ಬರ ಬುದ್ಧಿವಂತಿಕೆಗೂ ಬೆನ್ನು ತಟ್ಟಿಕೊಂಡೆ. ಮನೆಯಲ್ಲಿ ನಾನು ಹಾಡುವುದು ಚಾಪೆಯ ಮೇಲೆ ಕೂತು. ಸ್ಟ್ಯಾಂಡನ್ನು ಪೂರ್ತಿ ತಗ್ಗಿಸಿ, ನನ್ನ ಹಗುರವಾದ ಮೈಕು ಸಿಕ್ಕಿಸಿ ಹಾಡಿದೆ. ಒಂದಿಷ್ಟೂ ಕದಲಲಿಲ್ಲ. ಆಗಲೇ ತಳ ಸೇರಿರುವುದು ಇನ್ನೆಲ್ಲಿಗೆ ಕದಲೀತು ಎಂಬ ಸಣ್ಣ ವಿಚಾರ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಗೃಹಪ್ರವೇಶದ ದಿನ ಬೆಳಿಗ್ಗೆ ಸ್ಟ್ಯಾಂಡನ್ನು ಹಳೆಯ ಪಂಚೆಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ನರಸೀಪುರದ ಬಸ್ಸು ಹತ್ತಿದೆ. ಹತ್ತುವಾಗಲೇ ಅದರ ಒಂದು ಕಾಲು ಪಂಚೆಯಿಂದ ಹೊರಬಂದು ಮುಂದಿದ್ದವರ ಕುತ್ತಿಗೆಗೆ ತಗುಲಿತು. ಕಂಡಕ್ಟರು ಅನುಮಾನದಿಂದ ನೋಡಿದರು.

"ಏನ್ ಸಾ ಅದು, ಕೋವಿ ಗೀವಿ ಅಲ್ಲ ತಾನೆ?"

"ಅಲ್ಲಪ್ಪ, ಹಾಡೋ ಸಾಮಾನು."

"ಅದುನ್ನ ಯಾರ್ ಕಡೀಕೂ ತಿರುಗಿಸ್ಬ್ಯಾಡಿ" ಎಂದು ಮುಂದೆ ಹೋದರು. ನಾಗರತ್ನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ನಾನು ಯಾರೋ ಏನೋ ಎಂಬಂತೆ ಗದ್ದೆಗಳನ್ನು ನೋಡುತ್ತಾ ಕೂತಳು.

ಹೊಸ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಸ್ಪೀಕರು, ಮೈಕು ಎಲ್ಲ ಮಹೇಶನೇ ಬಾಡಿಗೆಗೆ ತರಿಸಿದ್ದ. ನಾನು ಪಂಚೆ ಬಿಚ್ಚಿ ನನ್ನ ಸ್ಟ್ಯಾಂಡು ನಿಲ್ಲಿಸಿದಾಗ ಅವನ ಹುಬ್ಬು ಮೇಲೇರಿತು.

"ಏನ್ರೀ, ಸ್ವಂತದ್ದಾ?"

"ಹೂಂ, ಸ್ವಂತದ್ದು" ಅಂದೆ, ಸೈಟು ಬರೆಸಿಕೊಂಡವನ ಗತ್ತಿನಲ್ಲಿ.

ಬುದ್ಧಿಯವರ ಪಾದಪೂಜೆ ಮುಗಿಯಿತು. ಅವರು ಪೀಠದ ಮೇಲೆ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಮಾವನವರು, ಮಡಿಕೆ ಮುರಿಯದ ಶಲ್ಯ ಹೊದ್ದು, ಏನೂ ಅನ್ನದೆ ಕೂತಿದ್ದರು. ಎದುರಿಗೆ ಜಮಖಾನದ ತುಂಬ ಜನ. ಮೊದಲ ಸಾಲಿನಲ್ಲೇ ನಾಗರತ್ನ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅವಳಪ್ಪನ ಕುತ್ತಿಗೆಯನ್ನು ನೋಡುತ್ತಿದ್ದಳು.

ಬುದ್ಧಿಯವರಿಗೆ ಬೆನ್ನು ಹಾಕುವಂತಿಲ್ಲ, ಜನಕ್ಕೂ ಬೆನ್ನು ಹಾಕುವಂತಿಲ್ಲ. ಇಬ್ಬರಿಗೂ ಅರ್ಧರ್ಧ ಮುಖ ಕೊಟ್ಟು, ಮಾವನವರ ಕುರ್ಚಿಯ ಮುಂದೆ ಓರೆಯಾಗಿ ನಿಂತೆ. ಸ್ಟ್ಯಾಂಡನ್ನು ನನ್ನ ಎತ್ತರಕ್ಕೆ ಏರಿಸಿ ತಿರುಪು ಬಿಗಿದೆ. ಬಾಡಿಗೆಯ ಮೈಕು ನನ್ನದರ ಹಾಗಲ್ಲ, ಕೈಗೆ ಭಾರವಾಗಿತ್ತು. ಕೈ ಮುಗಿದೆ. ಕಣ್ಣು ಮುಚ್ಚಿ ಶುರು ಮಾಡಿದೆ.

ಪಲ್ಲವಿ ಅಮೋಘವಾಗಿ ಬಂತು. ಕಣ್ಣು ಬಿಟ್ಟಾಗ ಮೈಕು ಗದ್ದದ ಹತ್ತಿರವಿತ್ತು. ನಾನೇ ಕೊಂಚ ಉದ್ದವಾದೆನೇನೋ ಅಂದುಕೊಂಡೆ. ಹಾಡಿನ ಉತ್ಸಾಹದಲ್ಲಿ ಹಾಗೂ ಆಗಬಹುದು! ಮೊದಲ ನುಡಿ ಮುಗಿಯುವಾಗ ಮೈಕು ಎದೆಗೆ ಬಂದಿತ್ತು. ಹಿಂದಿನಿಂದ ಯಾರೋ "ಕೇಳ್ತಾ ಇಲ್ಲಾ!" ಎಂದು ಕೂಗಿದರು. ಆಗ ನನಗೆ ನಮ್ಮನೆಯ ನಲ್ಲಿ ನೆನಪಾಯಿತು. ಆ ಉಂಗುರ ಕೊಳವೆಯನ್ನು ಕಚ್ಚಿ ಹಿಡಿಯುವ ಉಂಗುರ!

ಒಂದು ಕೈ ಬಿಡಿಸಿ ಮೈಕನ್ನು ಮೇಲಕ್ಕೆತ್ತಿದೆ. ಸ್ಪೀಕರು "ಕುಂಯ್ಯ್" ಎಂದು ಕಿರುಚಿತು. ಎಲ್ಲೋ ಒಂದು ಮಗು ಅಳತೊಡಗಿತು. ನಾಗರತ್ನ ಕಣ್ಣಲ್ಲೇ "ಕೈ!" ಅಂದಳು. ಮತ್ತೆ ಕೈ ಮುಗಿದೆ. ಮೈಕು ಮತ್ತೆ ಇಳಿಯತೊಡಗಿತು, ಅವಸರವಿಲ್ಲದೆ, ಮರ್ಯಾದೆಯಿಂದ. ನಿಲ್ಲಿಸಿಬಿಡೋಣ ಎನಿಸಿತು. ಆದರೆ ಮಹೇಶ ಆಗಲೇ ಬಾಡಿಗೆ ಸ್ಟ್ಯಾಂಡು ತರಿಸಲು ಎದ್ದು ನಿಂತಿದ್ದ. ಅವನ ಮುಖದಲ್ಲಿ ಎಳೆನಗೆ. ಮಾವನವರು ಅವನತ್ತ ತಿರುಗಿದರು. ಇನ್ನೇನು ಅವನಿಗೇ ತಲೆದೂಗಿಬಿಡುತ್ತಾರೆ!

ಮೈಕು ನನ್ನ ಹತ್ತಿರ ಬರದಿದ್ದರೆ ನಾನೇ ಮೈಕಿನ ಹತ್ತಿರ ಹೋಗುತ್ತೇನೆ ಎಂದು ನಿಶ್ಚಯಿಸಿದೆ. ಬಗ್ಗಿದೆ.

ಎರಡನೆಯ ನುಡಿಯನ್ನು ನಡು ಬಗ್ಗಿಸಿ ಹಾಡಿದೆ. ಮೂರನೆಯದಕ್ಕೆ ಮೊಣಕಾಲು ಮಡಿಸಿದೆ. ನಾಲ್ಕನೆಯದರ ಹೊತ್ತಿಗೆ ಮಂಡಿಯೂರಿದ್ದೆ. ಕೈ ಮಾತ್ರ ಮುಗಿದೇ ಇತ್ತು. ಹೆಂಡತಿಯ ಅಪ್ಪಣೆ! ಶಾಮಿಯಾನದಲ್ಲಿ ಗುಸುಗುಸು ನಿಂತಿತು. ಮೊದಲ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಯ್ಯೋ, ಏನ್ ಭಕ್ತಿ ನೋಡ್ರವ್ವಾ! ಹಾಡ್ತಾ ಹಾಡ್ತಾನೇ ಮೈ ಬಗ್ಗೋಯ್ತು!"

ಕೊನೆಯ ನುಡಿ ಬಾಕಿಯಿತ್ತು. ಆಗ ಸ್ಟ್ಯಾಂಡಿನ ಅಡ್ಡಗೈಗೂ ವೈರಾಗ್ಯ ಬಂದು, ಅದು ಮೆಲ್ಲಗೆ ತಿರುಗಿ ನೆಲಕ್ಕೆ ಒರಗಿತು. ನಾನು ಇನ್ನೇನು ಮಾಡಲಿ? ಉದ್ದಕ್ಕೆ ಮಲಗಿದೆ. ಜಮಖಾನಕ್ಕೆ ಮುಖವಿಟ್ಟು ಕೊನೆಯ "ಶಿವಾ" ಎಂಬುದನ್ನು ಎಳೆಯುವಷ್ಟು ಎಳೆದು ಮುಗಿಸಿದೆ. ಹಣೆಗೆ ಮೆತ್ತಗೆ ಏನೋ ತಗುಲಿತು. ಕಣ್ಣು ಬಿಟ್ಟೆ. ಒಂದು ಪಾದ. ಬುದ್ಧಿಯವರದಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ತಲೆ ತಗ್ಗಿಸಿಕೊಂಡೇ ಕೂತವನು ನಾನು. ಆ ಹೆಬ್ಬೆರಳು ನನಗೆ ಚಿರಪರಿಚಿತ. ಮಾವನವರದು!

ನಮ್ಮ ಮನೆತನಗಳಲ್ಲಿ ಅಳಿಯ ಮಾವನ ಕಾಲಿಗೆ ಬೀಳುವ ಪದ್ಧತಿಯೇ ಇಲ್ಲ. ಮದುವೆಯಲ್ಲಿ ಮಾವನೇ ಅಳಿಯನ ಪಾದ ತೊಳೆಯುತ್ತಾನೆ. ಆಮೇಲೆ ಅಳಿಯ ಜೀವಮಾನವಿಡೀ ಸೆಟೆದುಕೊಂಡು ತಿರುಗುತ್ತಾನೆ. ಕಾಲಿಗೆ ಬೀಳುವುದೇನಿದ್ದರೂ ಬುದ್ಧಿಯವರಿಗೆ. ಅಂಥದ್ದರಲ್ಲಿ ತುಂಬಿದ ಸಭೆಯಲ್ಲಿ, ಗುರುಗಳ ಸಮ್ಮುಖದಲ್ಲಿ, ಅಳಿಯನೊಬ್ಬ ಮಾವನ ಪಾದಕ್ಕೆ ಹಣೆ ಹಚ್ಚಿ ಬಿದ್ದಿದ್ದಾನೆ!

ಬುದ್ಧಿಯವರು ಕೆಳಗೆ ಬಿದ್ದಿದ್ದ ಮೈಕನ್ನೇ ತರಿಸಿಕೊಂಡು ಆಶೀರ್ವಚನ ಶುರು ಮಾಡಿದರು.

"ಗುರುವಿಗೆ ಎಲ್ಲರೂ ಬಾಗುತ್ತಾರೆ. ಅದೇನು ದೊಡ್ಡದಲ್ಲ. ಹೆಣ್ಣು ಕೊಟ್ಟ ಮಾವನಲ್ಲಿ ತಂದೆಯನ್ನು ಕಂಡು ಬಾಗುವವನು ಅಪರೂಪ. ಗುರುಮಲ್ಲಪ್ಪ, ನೀನು ಪುಣ್ಯವಂತ. ಮಿಕ್ಕ ಅಳಿಯಂದಿರೂ ಇದನ್ನು ನೋಡಿ ಕಲಿಯಬೇಕು."

ಮಿಕ್ಕ ಅಳಿಯಂದಿರು ಎಂದರೆ ಮಹೇಶ ಒಬ್ಬನೇ. ಸಭೆಯ ಕಣ್ಣೆಲ್ಲ ಅವನ ಮೇಲೆ ಬಿತ್ತು. ಬೇರೆ ದಾರಿಯಿಲ್ಲದೆ ಅವನೂ ಬಂದು ಬಗ್ಗಿದ. ಅವನ ಹೊಸ ಪ್ಯಾಂಟನ್ನು ಅಷ್ಟೊಂದು ವಿನಯಕ್ಕೆಂದು ಹೊಲಿಸಿರಲಿಲ್ಲ. ಪರ್ರ್ ಎಂಬ ಸದ್ದು ಬುದ್ಧಿಯವರ ಕೈಯಲ್ಲಿದ್ದ ಮೈಕಿಗೂ ಕೇಳಿಸಿತು. ಅವನು ಉಳಿದ ಕಾರ್ಯಕ್ರಮವನ್ನು ಗೋಡೆಗೆ ಬೆನ್ನು ಕೊಟ್ಟೇ ಮುಗಿಸಿದ.

ಮಾವನವರು ಕುರ್ಚಿಯಿಂದ ಎದ್ದರು. ಬಗ್ಗಿ ನನ್ನ ಭುಜ ಹಿಡಿದು ಎಬ್ಬಿಸಿದರು. ಕಣ್ಣುಗಳು ಒದ್ದೆಯಾಗಿದ್ದವು.

"ಏಳಿ ಅಳಿಯಂದ್ರೆ, ಏಳಿ. ನಾನು ಏನೋ ಅನ್ಕಂಡಿದ್ದೆ ನಿಮ್ಮುನ್ನ" ಅಂದರು. ಅಂದು, ತಲೆದೂಗಿದರು! ಒಮ್ಮೆಯಲ್ಲ, ನಿಲ್ಲಿಸಲು ಮರೆತವರಂತೆ ತೂಗುತ್ತಲೇ ಇದ್ದರು. ನಾಗರತ್ನ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಊಟಕ್ಕೆ ಮಾವನವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಬೇಡವೆಂದರೂ ಕೇಳದೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿದರು. ಬಡಿಸುವವರನ್ನೆಲ್ಲ ನಿಲ್ಲಿಸಿ, "ಇವ್ರೇ ನಮ್ಮ ಕಿರೀ ಅಳಿಯಂದ್ರು" ಎಂದು ಪರಿಚಯಿಸಿದರು. ಹಾಡು ಹೇಗಿತ್ತು ಎಂದು ಯಾರೂ ಒಂದು ಮಾತು ಹೇಳಲಿಲ್ಲ. ನಾನೂ ಕೇಳಲು ಹೋಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾಗರತ್ನ ನನ್ನ ಪಕ್ಕ ಒತ್ತಿಕೊಂಡು ಕೂತಳು. ಸ್ಟ್ಯಾಂಡಿನ ಒಂದು ಕೊನೆಯನ್ನು ಅವಳೇ ಹಿಡಿದುಕೊಂಡಿದ್ದಳು. ನನ್ನ ಮನಸ್ಸು ತಡೆಯಲಿಲ್ಲ.

"ನಾಗೂ, ಒಂದು ನಿಜ ಹೇಳ್ತೀನಿ. ನಾನು ಬಿದ್ದಿದ್ದಲ್ಲ ಕಣೆ. ಸ್ಟ್ಯಾಂಡು ಬಿದ್ದಿದ್ದು."

"ಗೊತ್ತು ಕಣ್ರೀ. ನಾನು ಎದುರಿಗೇ ಕೂತಿದ್ನಲ್ಲ."

"ಮತ್ತೆ ನಿಮ್ಮಪ್ಪನಿಗೆ ಹೇಳ್ಲಿಲ್ವಾ?"

"ಹೇಳೋದಾ? ಅಪ್ಪನ ಮುಖ ನೋಡಿದ್ರಾ ನೀವು?" ಅಂದಳು. ಸ್ಟ್ಯಾಂಡಿಗೆ ಸುತ್ತಿದ ಪಂಚೆಯನ್ನು ಸರಿಮಾಡುತ್ತಾ, "ನೀವು ಹಾಡಿದ್ದೂ ಚೆನ್ನಾಗಿತ್ತು. ಮೊದಲನೇ ನುಡಿ" ಅಂದಳು.

ಆದರೆ ನನ್ನೊಳಗಿನ ಗಾಯಕನಿಗೆ ಸಮಾಧಾನವಾಗಲಿಲ್ಲ. ಒಂದು ಜಾರುವ ಕೊಳವೆಯಿಂದ ಸಿಕ್ಕಿದ ಮೆಚ್ಚುಗೆ ಒಂದು ಮೆಚ್ಚುಗೆಯೇ? ಮಾವನವರು ನನ್ನ ಹಾಡಿಗೆ ತಲೆದೂಗಬೇಕು, ನೆಟ್ಟಗೆ ನಿಂತ ನನ್ನನ್ನು ನೋಡಿ ತೂಗಬೇಕು. ಈ ಹಟ ಹೊತ್ತಿರುವಾಗಲೇ ಫೋನು ಬಂತು. ಮಾವನವರು ನನಗೆ ಫೋನು ಮಾಡಿದ್ದು ಅದೇ ಮೊದಲು.

"ಅಳಿಯಂದ್ರೆ, ಕಳಲೇಲಿ ನಮ್ಮ ತಂಗಿ ಮೊಮ್ಮಗಂಗೆ ಹೆಸರಿಕ್ತಾರೆ. ನೀವು ಹಾಡ್ಬೇಕು. ನಮ್ಮ ಕಡೇರೆಲ್ಲ ಬತ್ತಾವ್ರೆ, ನಿಮ್ಮುನ್ನ ನೋಡಕ್ಕೆ."

ಕೇಳುವುದಕ್ಕೆ ಎನ್ನಲಿಲ್ಲ, ನೋಡುವುದಕ್ಕೆ ಎಂದರು. ಸಂತೋಷದ ಭರದಲ್ಲಿ ನಾನು ಅದನ್ನು ಗಮನಿಸಲಿಲ್ಲ.

ನೇರ ಸಿದ್ದರಾಜುವಿನ ಅಂಗಡಿಗೆ ಹೋದೆ. "ಆ ದುಂಡು ತಳದ್ದು ಕೊಡಪ್ಪ" ಅಂದೆ. ಚೌಕಾಸಿ ಮಾಡಲಿಲ್ಲ. ನನಗೆ ಮೈ ಸರಿಯಿಲ್ಲವೇನೋ ಎಂದು ಸಿದ್ದರಾಜು ಗಾಬರಿಯಾಗಿ ಕುರ್ಚಿ ತಂದು ಹಾಕಿದ. ಆ ಕಬ್ಬಿಣವನ್ನು ಮನೆಗೆ ಸಾಗಿಸಿ ದಿನಾ ಅದರ ಮುಂದೆ ನಿಂತು ಅಭ್ಯಾಸ ಮಾಡಿದೆ. ತಳ್ಳಿ ನೋಡಿದೆ, ಜೋತುಬಿದ್ದು ನೋಡಿದೆ. ತಿರುಪು ಒಂದು ಕೂದಲೆಳೆ ಇಳಿಯಲಿಲ್ಲ. ದನಿಯೂ ಹದಕ್ಕೆ ಬಂತು. ನೆಂಟರ ಗುಂಪಿನಲ್ಲಿ ಒಬ್ಬರು ಮುಗಿದ ಕೈಯ ಬದಲು ಹೂವಿನ ಚಿತ್ರ ಕಳಿಸಿದರು ಎಂದರೆ ನೀವೇ ಊಹಿಸಿ.

ಕಳಲೆಯಲ್ಲಿ ಮನೆ ತುಂಬ ಜನ. ನರಸೀಪುರದಿಂದ ಒಂದು ಟೆಂಪೋ ತುಂಬ ನೆಂಟರನ್ನು ತುಂಬಿಸಿಕೊಂಡು ಮಾವನವರು ಬಂದಿದ್ದರು. ಎಲ್ಲರನ್ನೂ ಮುಂದೆ ಕೂರಿಸಿ, ತಾವು ನಡುವಿನ ಕುರ್ಚಿಯಲ್ಲಿ, ಎರಡೂ ಪಾದಗಳನ್ನು ಸರಿಯಾಗಿ ಜೋಡಿಸಿಕೊಂಡು ಕೂತರು. ನಾಗರತ್ನ ಅವರ ಹಿಂದೆ ನಿಂತಿದ್ದಳು.

ಹಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಒಂದು ಸ್ವರ ಆಚೀಚೆ ಆಗಲಿಲ್ಲ. ಸ್ಟ್ಯಾಂಡು ಬಂಡೆಯಂತೆ ನಿಂತಿತ್ತು, ನಾನು ಅದಕ್ಕಿಂತ ನೆಟ್ಟಗೆ ನಿಂತಿದ್ದೆ. ಒಂದು ಹಾಡು ಮುಗಿಯಿತು. ಮಾವನವರ ಕುತ್ತಿಗೆ ಅಲ್ಲಾಡಲಿಲ್ಲ. ಇನ್ನೊಂದು ಹಾಡಿದೆ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅಜ್ಜ ಪಕ್ಕದವರನ್ನು ತಿವಿದು, ನನಗೂ ಕೇಳಿಸುವಂತೆಯೇ ಪಿಸುಗುಟ್ಟಿದರು.

"ಯಾವಾಗ್ಲಾ ಬೀಳೋದು ಈವಯ್ಯ?"

"ತಡಿಲಾ, ಇನ್ನೂ ಹೊತ್ತದೆ" ಅಂದರು ಪಕ್ಕದವರು.

ಮಾವನವರು ಎಲ್ಲರಿಗೂ ಕೈಸನ್ನೆಯಲ್ಲೇ ತಾಳ್ಮೆ ಹೇಳಿದರು. ಆದರೆ ಅವರ ಮುಖ ಇಳಿಯತೊಡಗಿತ್ತು. ಟೆಂಪೋ ಮಾಡಿಸಿಕೊಂಡು ಬಂದ ಮನುಷ್ಯ! ನಾನು ಹಾಡನ್ನು ಎಳೆದೆ, ಇನ್ನಷ್ಟು ಎಳೆದೆ, ನನ್ನ ಅತ್ಯುತ್ತಮವಾದ ತಾರಕಕ್ಕೆ ಹೋಗಿ ಬಂದೆ. ಆ ಕುತ್ತಿಗೆ ಕದಲಲಿಲ್ಲ. ಅವರು ನನ್ನ ಮುಖವನ್ನು ನೋಡುತ್ತಿರಲಿಲ್ಲ, ನನ್ನ ಮೊಣಕಾಲುಗಳನ್ನು ನೋಡುತ್ತಿದ್ದರು.

ಹಿಂದೆ ನಿಂತ ನಾಗರತ್ನಳನ್ನು ನೋಡಿದೆ. ಅವಳು ಏನೂ ಸನ್ನೆ ಮಾಡಲಿಲ್ಲ. ಅಪ್ಪನ ಬೋಳುತಲೆಯನ್ನೇ ನೋಡುತ್ತಿದ್ದಳು, ಮತ್ತೆ ಆ ತಲೆ ತೂಗುವುದನ್ನು ನೋಡುವ ಆಸೆಯಿಂದ. ಆ ಮುಖ ಕಂಡು ನನ್ನ ಕರುಳು ಚುರ್ ಎಂದಿತು. ಸಿದ್ದರಾಜುವಿನ ಸ್ಟ್ಯಾಂಡಿನ ತಿರುಪಿಗೆ ಕೈ ಹಾಕಿ ಸಡಿಲಿಸಲು ನೋಡಿದೆ. ಬಿಗಿಯಾಗಿತ್ತು. ಬೇಕೆಂದಾಗ ಬೀಳದಿರುವಷ್ಟು ಒಳ್ಳೆಯ ಸಾಮಾನು!

ಕೊನೆಯ ನುಡಿಗೆ ಕೈ ಮುಗಿದೆ. ನಡು ಬಗ್ಗಿಸಿದೆ. ಮೊಣಕಾಲು ಮಡಿಸಿದೆ. ನೆಂಟರೆಲ್ಲ "ಆಹಾ!" ಎಂದು ಮುಂದಕ್ಕೆ ಸರಿದರು. ಮಂಡಿಯೂರಿ, ಮುಂದಕ್ಕೆ ಬಾಗಿ, ಮಾವನವರ ಜೋಡಿಸಿಟ್ಟ ಪಾದಗಳ ಮುಂದೆ ಉದ್ದಕ್ಕೆ ಮಲಗಿದೆ. "ನಾನ್ ಯೋಳ್ಲಿಲ್ವಾ!" ಎಂದು ಮಾವನವರು ನೆಂಟರಿಗೆ ಹೇಳಿದ್ದು ಕೇಳಿಸಿತು. ಓರೆಗಣ್ಣಿನಲ್ಲಿ ನೋಡಿದೆ. ಅವರ ತಲೆ ಭರ್ಜರಿಯಾಗಿ ತೂಗುತ್ತಿತ್ತು. ಅವರ ಹಿಂದೆ ನನ್ನ ಹೆಂಡತಿಯ ಮುಖ ಅರಳಿತ್ತು.

ನನ್ನ ಪಕ್ಕದಲ್ಲಿ ಸ್ಟ್ಯಾಂಡು ನೆಟ್ಟಗೆ ನಿಂತೇ ಇತ್ತು. ಈ ಸಲ ಬಿದ್ದವನು ನಾನೊಬ್ಬನೇ!